ಕಾಯಿದು ಎರಡು, ಬೇಳೆದು ಒಂದು

ಬೆಂಗಳೂರಿನ ಸಜ್ಜನ್ ರಾವ್ ಸರ್ಕಲ್ ಪಕ್ಕದ ತಿಂಡಿ ಬೀದಿ, ಸಂಜೆ ಏಳು ಗಂಟೆ. ಹೋಳಿಗೆ ಅಂಗಡಿ ಮುಂದೆ ಸರದಿಗೆ ಕಾಯುತ್ತಿದ್ದೇನೆ. ಕಾವಲಿ ಮೇಲೆ ಹೋಳಿಗೆ ಉಬ್ಬುತ್ತದೆ, ಮಗುಚಿ ಬೀಳುತ್ತದೆ, ಮೇಲೆ ಒಂದು ಚಮಚ ತುಪ್ಪ. ನನ್ನ ಮುಂದಿದ್ದವರು "ಎರಡು ಕಾಯಿ ಹೋಳಿಗೆ ಕೊಡಿ" ಎನ್ನಲಿಲ್ಲ. "ಕಾಯಿದು ಎರಡು, ಬೇಳೆದು ಒಂದು" ಅಂದರು. ಅವರ ಹಿಂದಿನವರೂ ಹಾಗೆಯೇ. ಎಣಿಕೆಯ ಪದ ನಾಮಪದಕ್ಕಿಂತ ಮೊದಲು ಬರಬೇಕೆಂದು ನಾನು ಶಾಲೆಯಲ್ಲಿ ಕಲಿತಿದ್ದೆ. ಇಲ್ಲಿ ಅದು ಕೊನೆಗೆ ಹೋಗಿ ಕೂತಿದೆ. 'ಹೋಳಿಗೆ' ಎಂಬ ಮಾತನ್ನಂತೂ ಯಾರೂ ಎತ್ತಲಿಲ್ಲ.

ಮನೆಗೆ ಬಂದು ಬರೆದುಕೊಂಡದ್ದು: ಹೋಳಿಗೆ ಅಂಗಡಿಯಲ್ಲಿ ಹೋಳಿಗೆ ಇಬ್ಬರಿಗೂ ಗೊತ್ತಿರುವ ಸಂಗತಿ, ಅದನ್ನು ಹೇಳಬೇಕಾಗಿಲ್ಲ. ಯಾವುದು ಎಂಬುದು ಅರ್ಧ ಗೊತ್ತು, ಇರುವುದೇ ಎರಡು ಮೂರು ಬಗೆ. ಅಂಗಡಿಯವರಿಗೆ ಏನೇನೂ ಗೊತ್ತಿಲ್ಲದ್ದು ಎಷ್ಟು ಎಂಬುದೊಂದೇ. ಅದು ಕೊನೆಯಲ್ಲಿ.

*

ಗೊತ್ತಿರುವುದು ಮೊದಲು, ಹೊಸದು ಕೊನೆಗೆ ಬರುವುದನ್ನು ಗಮನಿಸಿದವರು ಬಹಳ ಹಿಂದೆಯೇ ಇದ್ದರು. 1844ರಲ್ಲಿ ಫ್ರಾನ್ಸಿನ ಆನ್ರಿ ವೇಲ್, ಹಳೆಯ ಭಾಷೆಗಳ ಪದಕ್ರಮವನ್ನು ಹೊಸ ಭಾಷೆಗಳ ಜೊತೆ ಹೋಲಿಸಿ ಒಂದು ಪುಸ್ತಕ ಬರೆದರು. ವ್ಯಾಕರಣದ ಕ್ರಮ ಬೇರೆ, ವಿಚಾರ ಸಾಗುವ ಕ್ರಮ ಬೇರೆ ಎಂಬುದು ಅದರ ತಿರುಳು. ಆಮೇಲೆ ಪ್ರಾಗ್ ನಗರದ ವಿಲೆಮ್ ಮಾತೇಸಿಯುಸ್. 1926ರಲ್ಲಿ ಅಲ್ಲಿ ಭಾಷಾವಿಜ್ಞಾನಿಗಳ ಕೂಟ ಕಟ್ಟಿದವರು ಅವರು. ವಾಕ್ಯವನ್ನು ಕರ್ತೃ, ಕ್ರಿಯೆ ಎಂದು ಒಡೆಯುವುದರ ಜೊತೆಗೆ, ಯಾವುದರ ಬಗ್ಗೆ ಮಾತು, ಅದರ ಬಗ್ಗೆ ಏನು ಹೇಳಿದೆ ಎಂದೂ ಒಡೆಯಬೇಕೆಂದು ತೋರಿಸಿದರು. ನಡುವಯಸ್ಸಿನಲ್ಲೇ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಬೇರೆಯವರು ಓದಿ ಹೇಳಬೇಕಿತ್ತು. ವಾಕ್ಯವನ್ನು ಕಿವಿಯಿಂದಲೇ ಕೇಳುತ್ತಿದ್ದವರಿಗೆ ಈ ವಿಷಯ ಇನ್ನಷ್ಟು ಚುರುಕಾಗಿ ತಾಗಿರಬೇಕು ಅನಿಸುತ್ತದೆ.

*

ಇವತ್ತು ಅದೇ ಅಂಗಡಿ. ಪಾರ್ಸಲ್ ಹೇಳಿ ಪಕ್ಕಕ್ಕೆ ನಿಂತಿದ್ದ ಹೆಂಗಸೊಬ್ಬರು "ಆಯ್ತಾ ಅಣ್ಣಾ ನಂದು?" ಅಂದರು. ಕ್ರಿಯಾಪದ ಮುಂದೆ, 'ನಂದು' ಹಿಂದೆ. ಅವರ ಪಾರ್ಸಲ್ ಅಣ್ಣನಿಗೆ ಗೊತ್ತಿರುವುದೇ. ಹಾಗಾದರೆ ಕನ್ನಡದಲ್ಲಿ ಕ್ರಿಯಾಪದದ ಆಚೆ ಬೀಳುವುದು ಗೊತ್ತಿರುವ ವಿಷಯ, ಹೊಸದು ಕ್ರಿಯಾಪದದ ಈಚೆ ಪಕ್ಕದಲ್ಲೇ ಕೂರುತ್ತದೆ ಎಂದು ನಿಯಮ ಬರೆದೆ. "ಏನು ತಿಂದ್ರಿ?" ಎಂದರೆ ತಿಂದದ್ದು ಗೊತ್ತು, ಏನೆಂದು ಹೇಳಬೇಕು. ಅದೇ 'ಏನು' ಕ್ರಿಯಾಪದದ ಆಚೆ ಹೋಗಿ "ತಿಂದ್ರೇನು?" ಆದರೆ, ತಿಂದದ್ದೇ ಗೊತ್ತಿಲ್ಲ. ಒಂದು ಪದ ಜಾಗ ಬದಲಿಸಿದ್ದಕ್ಕೆ ಪ್ರಶ್ನೆಯೇ ಬೇರೆಯಾಯಿತು. ನಿಯಮ ಗಟ್ಟಿ ಎಂದು ಖುಷಿಯಾಯಿತು.

ಹತ್ತು ಹೆಜ್ಜೆ ಹೋಗಿರಲಿಲ್ಲ, ಕಾಫಿ ಅಂಗಡಿಯಲ್ಲಿ ಒಬ್ಬರು "ಕೊಡಪ್ಪಾ ಒಂದು ಕಾಫಿ" ಅಂದರು. ಹೊಸದು ಆಚೆಗೇ ಬಿತ್ತಲ್ಲ!

*

ಗೊತ್ತಿರುವುದನ್ನು ತೋರಿಸಲು ಜಾಗವೊಂದೇ ದಾರಿಯಲ್ಲ. ಛತ್ರದ ಮುಂದೆ ಮದುವೆ ಮಾತು ಕೇಳಿದೆ. "ನಮ್ಮ ಹುಡುಗನಿಗೆ ಹುಡುಗಿ ನೋಡ್ತಾ ಇದೀವಿ." ಇಲ್ಲಿ ಹುಡುಗಿ ಇನ್ನೂ ಸಿಕ್ಕಿಲ್ಲ. "ಭಾನುವಾರ ಹುಡುಗೀನ ನೋಡ್ಕೊಂಡ್ ಬಂದ್ವಿ" ಅಂದರೆ ಹುಡುಗಿ ಇದ್ದಾಳೆ, ಮಾತಾಡುವ ಇಬ್ಬರಿಗೂ ಯಾರೆಂದು ಗೊತ್ತು. ಎರಡು ಕಡೆಯ 'ಹುಡುಗಿ'ಗೂ ಇರುವ ವ್ಯತ್ಯಾಸ 'ಅನ್ನು' ಪ್ರತ್ಯಯ ಮಾತ್ರ. ದ್ವಿತೀಯಾ ವಿಭಕ್ತಿ ಕರ್ಮವನ್ನು ತೋರಿಸುತ್ತದೆಂದು ಪಾಠ ಒಪ್ಪಿಸಿದ್ದೆವು. ಗುರುತಿನವಳೋ ಅಲ್ಲವೋ ಎಂಬುದನ್ನೂ ಅದೇ ತೋರಿಸುತ್ತದೆ. "ನೀರನ್ನು ಕುಡಿದನು, ಊಟವನ್ನು ಮಾಡಿದನು" ಎಂದು ಎಲ್ಲಕ್ಕೂ 'ಅನ್ನು' ಹಚ್ಚುವ ಪುಸ್ತಕದ ಗದ್ಯ ಈ ಸೂಕ್ಷ್ಮವನ್ನು ಕೊಂದುಹಾಕಿದೆ. ನನಗೆ ಇದು ನಿಜಕ್ಕೂ ನಷ್ಟ ಎನಿಸುತ್ತದೆ.

*

ಕಾಫಿ ಕೇಳಿದವರ ಮಾತು ಮೂರು ದಿನ ಕಾಡಿತು. ಕಪಾಟಿನಲ್ಲಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಕಣ್ಣಿಗೆ ಬಿತ್ತು. ಎಷ್ಟೋ ವರ್ಷದಿಂದ ನೋಡುತ್ತಿರುವ ಹೆಸರು. ಅದೂ ನನ್ನ ನಿಯಮ ಮುರಿಯುತ್ತದೆ: 'ಬೇಕು' ಮೊದಲು, ಹೊಸ ಮಾತು ಅದರ ಆಚೆ, ಒತ್ತಿ ಹೇಳಲು 'ಏ'ಕಾರ ಬೇರೆ.

ಆಗ ಹೊಳೆದದ್ದು: ಕ್ರಿಯಾಪದವೂ ಗೊತ್ತಿರುವ ವಿಷಯ ಆಗಬಹುದಲ್ಲ. ಕಾಫಿ ಅಂಗಡಿಗೆ ಬಂದವರು ಕೇಳುವುದು 'ಕೊಡಿ' ಅಂತಲೇ. ಕನ್ನಡಕ್ಕೆ ಏನೋ ಬೇಕೆಂಬುದೂ ಎಲ್ಲರಿಗೂ ಗೊತ್ತು. "ಈ ಸಾರು ಮಾಡಿದ್ದು ನಮ್ಮಮ್ಮ" ಎನ್ನುವಾಗಲೂ ಅಷ್ಟೇ. ಯಾರೋ ಮಾಡಿದ್ದಂತೂ ಗೊತ್ತು, ಆದ್ದರಿಂದ 'ಮಾಡಿದ್ದು' ನಾಮಪದವಾಗಿ ಮುಂದೆ ಬಂದು ಅಮ್ಮನಿಗೆ ಕೊನೆಯ ಜಾಗ ಬಿಟ್ಟುಕೊಟ್ಟಿತು.

ಹಾಗಾದರೆ "ಆಯ್ತಾ ನಂದು?" ಏನು ಮಾಡಲಿ? ಮತ್ತೆ ಹೋಗಿ ಕಿವಿಗೊಟ್ಟು ಕೇಳಿದೆ. 'ನಂದು' ಬರುವ ಹೊತ್ತಿಗೆ ದನಿ ಇಳಿದಿರುತ್ತದೆ. "ಕೊಡಪ್ಪಾ ಒಂದು ಕಾಫಿ"ಯಲ್ಲಿ ಕಾಫಿಯ ಮೇಲೆ ದನಿ ಇಳಿಯುವುದಿಲ್ಲ. ಜಾಗ ಒಂದೇ, ದನಿ ಬೇರೆ. ಕಾಗದದ ಮೇಲೆ ದನಿ ಇಲ್ಲ. ದನಿ ಮಾಡುವ ಕೆಲಸವನ್ನೂ ಬರೆಯುವವರು ಕ್ರಮದಿಂದ, ಪ್ರತ್ಯಯದಿಂದಲೇ ಮಾಡಿಸಬೇಕು.

*

ಇದನ್ನೆಲ್ಲ ಶಾಲೆಯಲ್ಲಿ ಯಾಕೆ ಹೇಳಿಕೊಡಲಿಲ್ಲ? ಹದಿಮೂರನೆಯ ಶತಮಾನದ ಕೇಶಿರಾಜನ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಿವೆ, ವಾಕ್ಯಕ್ಕೆಂದೇ ಒಂದು ಪ್ರಕರಣ ಇಲ್ಲ. ನಾವು ಶಾಲೆಯಲ್ಲಿ ಕಲಿತ ವ್ಯಾಕರಣವೂ ಬಹುಮಟ್ಟಿಗೆ ಅದೇ ಹಾದಿ. ಕರ್ತೃ, ಕರ್ಮ, ಕ್ರಿಯಾಪದ ಎಂದು ಹೇಳಿಕೊಟ್ಟು, ಕನ್ನಡದಲ್ಲಿ ಪದಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು ಎಂದು ಮುಗಿಸುತ್ತಿದ್ದರು. ಹೇಗೆ ಬೇಕಾದರೂ ಅಲ್ಲ. ಎದುರಿಗಿರುವವರಿಗೆ ಏನು ಗೊತ್ತು ಎಂಬ ಲೆಕ್ಕ ಪ್ರತಿ ಸಲವೂ ನಡೆಯುತ್ತಿರುತ್ತದೆ.

ಕನ್ನಡ ಮೇಷ್ಟರುಗಳಲ್ಲಿ ಒಂದು ಕೋರಿಕೆ. "ರಾಮನು ಹಣ್ಣನ್ನು ತಿಂದನು" ಎಂದು ಹಲಗೆ ಮೇಲೆ ಬರೆದಾಗ, ಇದು ಯಾವ ಪ್ರಶ್ನೆಗೆ ಉತ್ತರ ಎಂದೂ ಮಕ್ಕಳನ್ನು ಒಮ್ಮೆ ಕೇಳಿ. ಮೂರು ಪದ ಹಿಂದುಮುಂದು ಮಾಡಿಸಿ, ಪ್ರತಿಯೊಂದಕ್ಕೂ ಅದರದರ ಪ್ರಶ್ನೆ ಅವರಿಂದಲೇ ಹೇಳಿಸಿ.