ಗೇಣುದ್ದದ ಗಣಪನಿಗೆ ಏರ್‌ಬ್ರಷ್

ಸೊರಬ ಸೀಮೆಯಲ್ಲಿ ಮಣ್ಣಿನ ಗಣಪನಿಗೆ ಬಣ್ಣ ಹಚ್ಚುವ ಹೊತ್ತು ಮಳೆಗಾಲದ ನಡುವೆಯೇ ಬರುತ್ತದೆ. ಕುಪ್ಪಗಡ್ಡೆ, ಚಂದ್ರಗುತ್ತಿಯ ಕಡೆ ಶ್ರಾವಣದಲ್ಲಿ ಒಗೆದ ಬಟ್ಟೆಯೇ ಒಣಗದು. ಗೇಣುದ್ದದ ಮೂರ್ತಿಗೆ ಏರ್‌ಬ್ರಷ್ ಹಿಡಿಯಲು ಹೊರಟವರಿಗೆ ಈ ತೇವವೇ ಮೊದಲ ತೊಡಕು. ಕಂಪ್ರೆಸರ್ ಒತ್ತಿದ ಗಾಳಿ ಬಿಸಿಯಾಗಿ, ಟ್ಯಾಂಕಿನಲ್ಲಿ ಆರುತ್ತಿದ್ದಂತೆ ಅದರೊಳಗಿನ ಆವಿ ನೀರಾಗಿ ತಳ ಸೇರುತ್ತದೆ. ಆ ನೀರು ಪೈಪಿನಲ್ಲಿ ಬಂದು ಬಣ್ಣದ ಜೊತೆ ಸಿಡಿದರೆ ಗಣಪನ ಕೆನ್ನೆಗೆ ಮಚ್ಚೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ಒತ್ತಡ ಇಳಿಸಿ ದಿನವೂ ಟ್ಯಾಂಕಿನ ನೀರು ಬಸಿಯಬೇಕು.

ಚಿಕ್ಕ ಮೂರ್ತಿಗೆ 0.3 ಮಿ.ಮೀ. ನೋಝಲ್, 15ರಿಂದ 20 ಪಿಎಸ್‌ಐ ಒತ್ತಡ ಸಾಕು. ನೀರಿನ ಬಣ್ಣವನ್ನು ಹಾಲಿನ ಹದಕ್ಕೆ ತೆಳುಮಾಡಿ ಸೋಸಿಕೊಳ್ಳಬೇಕು. ಡಬಲ್ ಆ್ಯಕ್ಷನ್ ಪೆನ್ನಿನ ಗುಂಡಿ ಒತ್ತಿದರೆ ಗಾಳಿ, ಹಿಂದೆಳೆದರೆ ಬಣ್ಣ. ಗಾಳಿ ಮೊದಲು ಬರಬೇಕು, ಕೊನೆಗೆ ನಿಲ್ಲಬೇಕು. ಬಣ್ಣ ಉಗುಳಿದರೆ ಒತ್ತಡ ಏರಿಸಿ ಎನ್ನುವವರ ಮಾತು ಕೇಳಬಾರದು. ದೋಷ ಬಹುಮಟ್ಟಿಗೆ ಗಟ್ಟಿ ಬಣ್ಣದಲ್ಲೋ ಸೂಜಿಯ ತುದಿಯಲ್ಲಿ ಒಣಗಿದ ಕಣದಲ್ಲೋ ಇರುತ್ತದೆ. ಮೂಗಿಗೆ ಮಾಸ್ಕ್ ಬೇಕೇ ಬೇಕು.

ಏರ್‌ಬ್ರಷ್ಷಿನ ಸೊಗಸೆಲ್ಲ ನೆರಳಿನಲ್ಲಿದೆ. ಮಣ್ಣು ಪೂರ್ತಿ ಒಣಗಿ, ಬಿಳಿಯ ತಳಬಣ್ಣ ಕೂತ ಮೇಲೆ, ಕೆಳಗಿನಿಂದ ಮೇಲ್ಮುಖವಾಗಿ ಕಡುಗಂದು ಬಣ್ಣ ಊದಬೇಕು. ಸೊಂಡಿಲಿನ ಸುರುಳಿ, ಹೊಟ್ಟೆಯ ಅಡಿ, ಧೋತರದ ನೆರಿಗೆಗಳ ಸಂದು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದು ಆರಿದ ಮೇಲೆ ಮೇಲಿನಿಂದ, ಒಂದೇ ದಿಕ್ಕಿನಿಂದ, ತಿಳಿ ಮೈಬಣ್ಣವನ್ನು ಎರಡು ಮೂರು ಸಲ ಮಂಜಿನಷ್ಟು ತೆಳುವಾಗಿ ಹಾಯಿಸಿದರೆ ಗಣಪ ಬೆಳಕಿಂಡಿಯ ಕೆಳಗೆ ಕೂತಂತೆ ಕಾಣುತ್ತಾನೆ. ಕೈ ಮೂರ್ತಿಯ ಆಚೆಯಿಂದ ಹೊರಟು ಈಚೆಗೆ ದಾಟಬೇಕು. ನಡುವೆ ನಿಂತರೆ ಬಣ್ಣ ಇಳಿಯುತ್ತದೆ, ಮಳೆಗಾಲದಲ್ಲಂತೂ ಇನ್ನೂ ಬೇಗ.

ಇದನ್ನೆಲ್ಲ ಬಿಟ್ಟು ಕಿರೀಟದಿಂದ ಪೀಠದವರೆಗೆ ದಪ್ಪಗೆ ಬಂಗಾರದ ಬಣ್ಣ ಹೊಡೆಯುವ ರೂಢಿ ಹಬ್ಬಿದೆ. ಸೊರಬ, ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು; ಮಣ್ಣು ಮುಟ್ಟಿದರೂ ಅದೇ ಕೈ. ಅಂಥ ಕೈ ಕಡ್ಡಿಯ ಮೊನೆಯಲ್ಲಿ ಗೀರಿದ ಹಾರದ ಎಳೆ ಅರ್ಧ ನಿಮಿಷದಲ್ಲಿ ಹೂತುಹೋಗುವುದನ್ನು ನೋಡಲಾಗದು. ಮೂರ್ತಿ ಮಾಡಿದವನಿಗೆ ಇದಕ್ಕಿಂತ ಅವಮಾನವಿಲ್ಲ. ಆ ಬಣ್ಣ ಕೊನೆಗೆ ಸೇರುವುದು ಊರಿನ ಕೆರೆಗೆ. ವಿಷಕಾರಿ ಬಣ್ಣ ಬಳಸಕೂಡದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಹೇಳಿದರೂ ಹೊಳಪಿನ ಆಸೆ ಬಿಡುತ್ತಿಲ್ಲ.

ಕಣ್ಣನ್ನು ಮಾತ್ರ ಕುಂಚದಲ್ಲೇ ಬರೆಯಬೇಕು. ಏರ್‌ಬ್ರಷ್ ಎಳೆದ ಗೆರೆಯ ಅಂಚು ಮಸುಕು, ರೆಪ್ಪೆಗೆ ಬೇಕಾದ ಚೂಪು ಅದಕ್ಕೆ ಬಾರದು. ಕೆಲಸ ಮುಗಿದೊಡನೆ ಬಟ್ಟಲು ತೊಳೆದು, ನೀರು ತಿಳಿಯಾಗಿ ಬರುವವರೆಗೆ ಊದಿ, ಸೂಜಿಯನ್ನು ಹಿಂದಿನಿಂದ ಎಳೆದು ಒರೆಸಿ, ತುದಿ ಬಾಗದಂತೆ ಮತ್ತೆ ಕೂರಿಸಬೇಕು.