ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲ್ ಕನ್ನಡ

ನಮ್ಮೂರು ಮಂಕಿಯ ಮಕ್ಕಳ ಇಂಗ್ಲಿಷ್ ಪುಸ್ತಕ ಬಿಡಿಸಿದರೆ ಅಚ್ಚಿನ ಸಾಲುಗಳ ನೆತ್ತಿಯ ಮೇಲೆ ಇನ್ನೊಂದು ಸಾಲು ಕಾಣುತ್ತದೆ. ಪೆನ್ಸಿಲಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ‘ದಿ ಬೋಟ್ ಈಸ್ ಆನ್ ದಿ ರಿವರ್’. ಮನೆಯಲ್ಲಿ ಓದಿ ಹೇಳುವವರಿಲ್ಲ, ಹಾಗಾಗಿ ಅಕ್ಕೋರು ಓದುವಾಗಲೇ ಉಚ್ಚಾರವನ್ನು ಕನ್ನಡದಲ್ಲಿ ಹಿಡಿದಿಟ್ಟುಕೊಂಡದ್ದು. ಉರ್ದು ಶಾಲೆಗೆ ಹೋಗುವ ಮಕ್ಕಳು ಇದನ್ನೇ ಉರ್ದು ಲಿಪಿಯಲ್ಲಿ ಮಾಡುತ್ತಾರೆ. ಕೆಳಗಿನ ಸಾಲು ಎಡದಿಂದ ಬಲಕ್ಕೆ ಹೊರಟರೆ ಮೇಲಿನದು ಬಲದಿಂದ ಎಡಕ್ಕೆ ಬರುತ್ತದೆ. ಮೇಲಿನವರು ತಪಾಸಣೆಗೆ ಬರುತ್ತಾರೆಂದರೆ ಕೆಲವು ಕಡೆ ಇದನ್ನೆಲ್ಲ ರಬ್ಬರ್ ಹಾಕಿ ಉಜ್ಜಿಸುತ್ತಾರೆ. ಉಜ್ಜಿಸಬಾರದು ಎನ್ನುವವನು ನಾನು.

ನಮ್ಮದೂ ಗಡಿನಾಡು ಎಂದರೆ, ಗಡಿನಾಡು ಅಂದರೆ ಗೋವಾ ಗಡಿಯ ಮಾಜಾಳಿ, ಮಂಕಿ ಯಾವ ಗಡಿಯಪ್ಪ ಎಂದು ಕೇಳುವವರಿದ್ದಾರೆ. ಮಾಜಾಳಿಗೆ ಹೋಗಲು ನಾವು ಕುಮಟಾ, ಅಂಕೋಲಾ, ಕಾರವಾರ ಎಲ್ಲ ದಾಟಬೇಕು, ನಿಜ. ಆದರೆ ಭಾಷೆಯ ಗಡಿ ದಾಟಲು ಇಲ್ಲಿ ಓಣಿಯ ತಿರುವು ಸಾಕು. ನಾಮಧಾರಿಗಳ ಕನ್ನಡ ಒಂದು ಬಗೆ, ಹವ್ಯಕರದು ಇನ್ನೊಂದು. ಸಾರಸ್ವತರಿಗೂ ಖಾರ್ವಿಗಳಿಗೂ ಕೊಂಕಣಿ, ಮುಸ್ಲಿಮರ ಕೇರಿಯಲ್ಲಿ ನವಾಯತಿ, ಜೊತೆಗೆ ಉರ್ದು. ಖಾರ್ವಿ ಹುಡುಗಿಗೆ ಒಂದನೇ ತರಗತಿಯಲ್ಲಿ ಕನ್ನಡವೇ ಎರಡನೆಯ ಭಾಷೆ. ಅದರ ಬೆನ್ನಿಗೇ ಇಂಗ್ಲಿಷ್. ನಮ್ಮ ಹಿರಿಯರು ಮುಂಬಯಿ ಸರ್ಕಾರದ ಕಾಲದಲ್ಲಿ ಕನ್ನಡದಲ್ಲೇ ಮುಲ್ಕಿ ಪರೀಕ್ಷೆ ಪಾಸಾದವರು. ನಮ್ಮ ಕಾಲಕ್ಕೆ ಐದನೇ ತರಗತಿಯಲ್ಲಿ ಎಬಿಸಿಡಿ ಬಂತು. 2007-08ರಿಂದ ಸರ್ಕಾರಿ ಶಾಲೆಯಲ್ಲೂ ಒಂದರಿಂದಲೇ ಇಂಗ್ಲಿಷ್. ಬೇಡ ಎನ್ನುವ ಪೈಕಿ ನಾನಲ್ಲ. ಬಂದದ್ದಕ್ಕೆ ಮಕ್ಕಳ ಬಳಿ ಇರುವ ಭಾಷೆಗಳ ಆಸರೆ ಯಾಕೆ ಕೊಡುವುದಿಲ್ಲ ಎಂಬುದಷ್ಟೇ ತಕರಾರು.

ಈ ಆಸರೆ ಎಂಥದ್ದು ಎಂದು ಹೇಳುತ್ತೇನೆ. ಕನ್ನಡ ದ್ರಾವಿಡ ಕುಲದ್ದು. ಕೊಂಕಣಿ, ನವಾಯತಿ, ಉರ್ದು ಬೇರೆ ಕುಲದವು. ಆದರೂ ಎಲ್ಲದರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬಂದು ಕೂರುತ್ತದೆ. ‘ನನ್ನ ಹತ್ತಿರ ಪುಸ್ತಕ ಇದೆ’ ಎನ್ನುತ್ತೇವೆಯೇ ಹೊರತು ಇಂಗ್ಲಿಷಿನ ‘ಐ ಹ್ಯಾವ್’ ತರಹದ ಕಟ್ಟು ನಮ್ಮ ಯಾವ ಮನೆಯಲ್ಲೂ ಇಲ್ಲ. ಹಾಗಾಗಿ ಇಡೀ ತರಗತಿ ಒಟ್ಟಿಗೇ ಎಡವುವ ಜಾಗ ಅದು. ಇನ್ನು ಕೆಲವರು ಒಬ್ಬೊಬ್ಬರಾಗಿ ಎಡವುತ್ತಾರೆ. ಹವ್ಯಕರ ಮನೆಯಲ್ಲಿ ‘ಅಕ್ಕ ಬಂತು’. ಆ ಮನೆಯ ಮಾಣಿ ಅಕ್ಕನಿಗೆ ‘ಇಟ್’ ಎಂದು ಬರೆದರೆ ಅದು ದಡ್ಡತನವಲ್ಲ, ಮನೆಯ ವ್ಯಾಕರಣ. ‘ಝೀರೋ’ ಎನ್ನಲು ನಮ್ಮ ಬಹಳ ಮಕ್ಕಳ ನಾಲಿಗೆ ತೊಡರಿದರೆ, ಉರ್ದು ಕೇಳಿ ಬೆಳೆದ ಹುಡುಗನಿಗೆ ಆ ಸದ್ದು ಮೊದಲೇ ಬರುತ್ತದೆ. ಯಾವ ತಪ್ಪು ಯಾವ ಮನೆಯಿಂದ ಬಂತು ಎಂದು ತಿಳಿದ ಅಕ್ಕೋರಿಗೆ ಕೆಂಪು ಇಂಕಿನ ಖರ್ಚು ಕಡಿಮೆ.

ಅಂಥ ಅಕ್ಕೋರೊಬ್ಬರ ತರಗತಿಯಲ್ಲಿ ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪುಸ್ತಕ ತೆಗೆಯಿರಿ ಎನ್ನದೆ ಅವರು ಬೋರ್ಡಿನ ಮೇಲೆ ಒಂದು ಬೋಟು ಬರೆದರು. ಸೊಟ್ಟಗಿತ್ತು, ಬೋಟಿನ ಮನೆಯ ಮಕ್ಕಳು ಮೊದಲು ಅದನ್ನೇ ಸರಿಪಡಿಸಿದರು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು: ಇಂಜಿನ್, ಡೀಸೆಲ್, ಗೇರ್, ಬ್ಯಾಟ್ರಿ, ಐಸು, ವೈರ್‌ಲೆಸ್, ಜಿಪಿಎಸ್. ಬೋರ್ಡು ತುಂಬಿತು. ಇವೆಲ್ಲ ಇಂಗ್ಲಿಷ್ ಎಂದಾಗ ಮುಂದಿನ ಸಾಲಿನ ಹುಡುಗ ನಂಬಲಿಲ್ಲ. “ಅಲ್ಲ ಅಕ್ಕೋರೇ, ಅದು ನಮ್ಮ ಅಪ್ಪ ಹೇಳೂದು” ಎಂದ. ಅಪ್ಪ ಹೇಳುವ ಆ ಪದಗಳನ್ನೇ ಇಟ್ಟುಕೊಂಡು ಅವರು ‘ಇನ್’, ‘ಆನ್’, ‘ಅಂಡರ್’ ಕಲಿಸಿದರು. ಐಸು ಎಲ್ಲಿ? ಬೋಟಿನ ಒಳಗೆ. ಉತ್ತರ ಮೊದಲು ಕನ್ನಡದಲ್ಲಿ, ಕೊಂಕಣಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

ಒಂದಿಬ್ಬರು ಬಾಯಿಯನ್ನೇ ಬಿಡಲಿಲ್ಲ. ಅವರನ್ನು ಅಕ್ಕೋರು ಕೆಣಕಲೂ ಇಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತದೆ, ಒಳಗೊಳಗೇ ಕಲಿಯುತ್ತದೆ ಎಂದು ಭಾಷಾ ಕಲಿಕೆಯನ್ನು ಓದಿದವರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ನಮ್ಮಲ್ಲಿ ಅಂಥ ಮಗುವಿಗೆ ಸಿಗುವುದು, “ಬಾಯಲ್ಲಿ ಕಡುಬು ತುಂಬ್ಕಂಡಿದ್ಯನ?”

ಇಂಗ್ಲಿಷ್ ಕಲಿಸುವಾಗ ಕನ್ನಡ ಸೋಕಬಾರದು ಎಂಬ ಮಡಿ ಎಲ್ಲಿಂದ ಬಂತೋ. ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿದ್ದವರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಅವರಿಗೆ ಇಲ್ಲದ ಭಯ ನಮಗೆ.

ಈ ಭಯವೇ ಬೆಳಿಗ್ಗೆ ಎಂಟಕ್ಕೆ ಹೆದ್ದಾರಿಯ ಬದಿಯಲ್ಲಿ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನಿಗೆ ಕಾಯುತ್ತದೆ. ಮೀನು ಮಾರಿ ಫೀ ಕಟ್ಟುವ ತಾಯಿಯ ಕೈಗೆ ಶಾಲೆಯ ಡೈರಿ ಬರುತ್ತದೆ, ಪೂರ್ತಿ ಇಂಗ್ಲಿಷಿನಲ್ಲಿ. “ಡೈರಿ ಓದುಕೆ ನಂಗೇ ಒಂದು ಟ್ಯೂಷನ್ ಬೇಕು” ಎಂದು ಒಬ್ಬಾಕೆ ನಗುತ್ತಲೇ ಹೇಳಿದಳು. ಅವಳಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ‘ನಾಳೆ ಮಳೆಯ ಬಗ್ಗೆ ಐದು ವಾಕ್ಯ ಬರೆದು ತರಲಿ’ ಎಂದು ಕನ್ನಡದಲ್ಲಿ ಬರೆದು ಕಳಿಸಿದರೆ ರಾತ್ರಿ ಅಡುಗೆಮನೆಯಲ್ಲಿ ಮಳೆಯ ಮಾತಾದರೂ ನಡೆಯುತ್ತಿತ್ತು. ಮಾತಾಡಿದ ವಿಷಯವನ್ನು ಇಂಗ್ಲಿಷಿಗೆ ಒಯ್ಯುವುದು ಸುಲಭ. ಮಾತೇ ಆಡದ ವಿಷಯವನ್ನು ಬಾಯಿಪಾಠ ಮಾಡಬೇಕಷ್ಟೆ.

ಇದರ ತಿರುಗುಮುರುಗೂ ನಮ್ಮೂರಲ್ಲಿದೆ. ದುಬೈಯಲ್ಲೋ ಸೌದಿಯಲ್ಲೋ ಓದುತ್ತಿದ್ದ ಮಕ್ಕಳು ಅಪ್ಪನ ಕೆಲಸ ಮುಗಿದು ಊರಿಗೆ ಬರುತ್ತಾರೆ. ಇಂಗ್ಲಿಷ್ ನೀರು ಕುಡಿದಂತೆ, ಕನ್ನಡದಲ್ಲಿ ‘ಅ ಆ ಇ ಈ’ಯೂ ಇಲ್ಲ. 2015ರ ಕಾಯ್ದೆಯ ಪ್ರಕಾರ ಕನ್ನಡ ಕಲಿಯಲೇಬೇಕು, ಕಲಿಯಲಿ. ಅಂಥ ಹುಡುಗನನ್ನು ಇಂಗ್ಲಿಷಿಗೆ ಹೆದರುವ ಹುಡುಗನ ಪಕ್ಕ ಕೂರಿಸಿ ನೋಡಿ. ಯಾರು ಯಾರಿಗೆ ಗುರು ಎಂಬುದು ಪೀರಿಯಡ್ಡಿಗೊಮ್ಮೆ ಬದಲಾಗುತ್ತದೆ, ಇಬ್ಬರ ಮಾನವೂ ಉಳಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಿಜವಾದ ಏಟು ಬೀಳುವುದು ಪಾಠವೆಲ್ಲ ಇಂಗ್ಲಿಷಾಗುವ ಪಿಯುಸಿ ಸೈನ್ಸಿನಲ್ಲಿ. ಆಟದ ಬಯಲಿನ ಇಂಗ್ಲಿಷಿಗೆ ಎರಡು ವರ್ಷ ಸಾಕು, ಪಾಠದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು ಎಂದು ಕೆನಡಾದ ಜಿಮ್ ಕಮಿನ್ಸ್ ವಲಸೆ ಬಂದವರ ಮಕ್ಕಳನ್ನು ನೋಡಿ ಹೇಳಿದ್ದರು. ನಾವು ಕೊಡುವುದು ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆ ರಜೆ. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಿ ಪೂರ್ತಿ ಅಂಕ ತಂದ ಹುಡುಗಿ ‘ಫೋಟೋಸಿಂಥೆಸಿಸ್’ ಎಂದು ಕೇಳಿದೊಡನೆ ಇದು ತನಗೆ ಗೊತ್ತಿಲ್ಲದ್ದು ಎಂದುಕೊಂಡು ತಲೆ ತಗ್ಗಿಸುತ್ತಾಳೆ. ಅವಳಿಗೆ ಬೇಕಾದದ್ದು ಇನ್ನೊಮ್ಮೆ ಎಬಿಸಿಡಿ ಅಲ್ಲ. ಪಾಠಕ್ಕೊಂದು ಹಾಳೆ: ಒಂದು ಬದಿ ಜಡತ್ವ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ, ಎದುರು ಬದಿ ಅವುಗಳ ಇಂಗ್ಲಿಷ್, ನಡುವೆ ಚಿತ್ರ. ಮೊದಲ ತಿಂಗಳು ಉತ್ತರವನ್ನು ಕನ್ನಡದಲ್ಲಿ ಹೇಳಿ ಇಂಗ್ಲಿಷಿನಲ್ಲಿ ಬರೆಯುವ ಅವಕಾಶ. ಜೂನಿನಲ್ಲಿ ಇಷ್ಟು ಸಿಕ್ಕಿದ್ದರೆ ಆಗಸ್ಟ್ ಹೊತ್ತಿಗೆ ಸೈನ್ಸ್ ಬಿಟ್ಟು ಬೇರೆ ವಿಭಾಗಕ್ಕೆ ಅರ್ಜಿ ಹಿಡಿದು ಬರುವವರಲ್ಲಿ ಕೆಲವರಾದರೂ ತರಗತಿಯಲ್ಲೇ ಉಳಿಯುತ್ತಿದ್ದರು.