ಹೆಬ್ಬಾಳದಿಂದ ಹೆಸರಘಟ್ಟಕ್ಕೆ: ಚಳಿಗಾಲದ ಹಕ್ಕಿಗಳ ಹಾದಿ

ಆರ್.ಟಿ. ನಗರದ ನಮ್ಮ ಬೀದಿಯಲ್ಲೊಂದು ಹೊಂಗೆ ಮರವಿದೆ. ಅಕ್ಟೋಬರ್ ಬಂತೆಂದರೆ ಅದರ ಎಲೆಗಳ ನಡುವಿನಿಂದ 'ಚಿಸ್ವೀ' ಎಂಬ ಚೂಪು ದನಿ ಕೇಳತೊಡಗುತ್ತದೆ. ಅದು ಹಸಿರು ಉಲಿಯಕ್ಕಿ. ತೂಕ ಸುಮಾರು 8 ಗ್ರಾಂ, ಅಂದರೆ ಎರಡು ಚಮಚ ಸಕ್ಕರೆಯಷ್ಟು. ಹಿಮಾಲಯದಲ್ಲೂ ಅದರಾಚೆ ಸೈಬೀರಿಯಾದ ಕಾಡುಗಳಲ್ಲೂ ಮರಿ ಮಾಡುವ ಈ ಜಾತಿ, ಚಳಿಗೆ ಹುಳುಹುಪ್ಪಟೆ ಮರೆಯಾಗುವ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತದೆ. ಬೇಸಿಗೆ ಬಲಿಯುವವರೆಗೆ ಇಲ್ಲೇ ಎಲೆ ಎಲೆ ತಡಕಿ ಹೊಟ್ಟೆ ಹೊರೆಯುತ್ತದೆ. ಅಷ್ಟು ದೂರದಿಂದ ಬಂದ ಜೀವ ಮನೆ ಮುಂದೆಯೇ ಇರುವಾಗ, ನಾನು ಕೆಲವೇ ಕಿಲೋಮೀಟರ್ ಆಚೆಗಿನ ಕೆರೆಗೆ ಹೋಗದಿದ್ದರೆ ಹೇಗೆ? ಜನವರಿಯ ಒಂದು ಭಾನುವಾರ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹೊರಟೆ.

ಬೆಳಿಗ್ಗೆ ಆರೂವರೆಗೆ ಹೆಬ್ಬಾಳ. ಮೇಲ್ಸೇತುವೆಯ ಮೇಲೆ ವಾಹನಗಳ ಸಾಲು, ಕೆಳಗೆ ಮಂಜು ಹೊದ್ದ ನೀರು. ಇಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಬೆಂಗಳೂರೆಂಬ ಪೇಟೆ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಇಲ್ಲಿ ಊರಿತ್ತು. ಹಕ್ಕಿಗಳ ಹಾದಿ ಅದಕ್ಕೂ ಹಳೆಯದು. ಕೆರೆಯ ನಡುವೆ ಹೆಜ್ಜಾರ್ಲೆಗಳು ದೋಣಿಗಳಂತೆ ತೇಲುತ್ತಿದ್ದವು. ಅವು ನಮ್ಮ ನಾಡಿನವೇ, ಕೊಕ್ಕರೆ ಬೆಳ್ಳೂರಿನ ಬಳಗ. ವಲಸೆ ಬಂದವರನ್ನು ನೋಡಬೇಕಾದರೆ ಕಣ್ಣನ್ನು ದಡದಂಚಿಗೆ ಹೊರಳಿಸಬೇಕು. ಜೊಂಡಿನ ಮಗ್ಗುಲಲ್ಲಿ ಬಿಳಿಹುಬ್ಬಿನ ಬಾತುಗಳು ತಲೆ ಮುಳುಗಿಸಿ, ಬಾಲ ಮೇಲೆತ್ತಿ ತಳದ ಕೆಸರು ಸೋಸುತ್ತಿದ್ದವು. ಅವುಗಳ ಕತ್ತು ಎಷ್ಟುದ್ದವೋ ಅಷ್ಟೇ ಆಳದಲ್ಲಿ ಅವುಗಳ ಊಟ. ಅದಕ್ಕಿಂತ ಆಳವಾದರೆ ಆ ನೀರಿನಿಂದ ಅವಕ್ಕೆ ಪ್ರಯೋಜನವಿಲ್ಲ. ಈ ಮಾತು ದಿನವಿಡೀ ನನ್ನ ಜೊತೆ ನಡೆಯಿತು.

ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ಕೆಲವೇ ನಿಮಿಷಕ್ಕೆ ಜಿಕೆವಿಕೆ. 1964ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾಲಯದ ಈ ಆವರಣದಲ್ಲಿ ಹೊಲ, ತೋಪು, ಕುರುಚಲು ಎಲ್ಲ ಉಂಟು. ಗೇಟಿನಲ್ಲಿ ಅನುಮತಿ ಕೇಳಿ ಒಳಗೆ ಹೋಗಿ, ತರಗೆಲೆ ದಟ್ಟವಾಗಿರುವ ನೆರಳಲ್ಲಿ ಅಲ್ಲಾಡದೆ ನಿಲ್ಲಬೇಕು. ಅರ್ಧ ಗಂಟೆ ನಿಂತ ಮೇಲೆ ನವರಂಗ ಕಂಡಿತು: ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದಡಿ ಕುಂಕುಮ. ಹಿಮಾಲಯದ ತಪ್ಪಲಲ್ಲೂ ಮಧ್ಯ ಭಾರತದ ಕಾಡುಗಳಲ್ಲೂ ಮರಿ ಮಾಡಿ, ರಾತ್ರಿಯಲ್ಲೇ ಹಾರುತ್ತ ದಕ್ಷಿಣಕ್ಕೆ ಬರುವ ಹಕ್ಕಿ ಇದು. ಅಕ್ಟೋಬರ್, ನವೆಂಬರ್‌ಗಳಲ್ಲಿ ಗಾಜಿನ ಕಿಟಕಿಗೆ ಬಡಿದು ಬಿದ್ದ ನವರಂಗಗಳು ಬೆಂಗಳೂರಿನ ಮನೆಗಳಂಗಳದಲ್ಲಿ ಸಿಗುವುದುಂಟು. ಸಿಕ್ಕರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು ಚೇತರಿಸಿಕೊಳ್ಳಲು ಬಿಡಿ. ನವರಂಗ ಹುಡುಕಲು ಯಶವಂತಪುರದ ಕಡೆಯವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ಮರಗಳೂ ಮತ್ತೀಕೆರೆಯ ಜೆ.ಪಿ. ಪಾರ್ಕೂ ಹತ್ತಿರ.

ಹತ್ತು ಗಂಟೆಗೆ ಜಕ್ಕೂರು. ಇಲ್ಲಿ ನಗರದ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಜೊಂಡು, ಆಪು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹರಿದು, ಬೇರುಗಳಿಗೆ ತನ್ನ ಸಾರ ಕೊಟ್ಟು ಕೆರೆ ಸೇರುತ್ತದೆ. ತುಂಬಿ ಹರಿದ ನೀರು ರಾಚೇನಹಳ್ಳಿ ಕೆರೆಗೆ ಇಳಿಯುತ್ತದೆ. ನೋಡಬೇಕಾದದ್ದು ಈ ಜೌಗನ್ನೇ. ಜೊಂಡಿನ ಮೇಲೆ ತಗ್ಗಿ ತೇಲುತ್ತ ಬಂದ ಬೇಟೆಹಕ್ಕಿ ಜೌಗು ಸೆಳೆವವೊಂದು ನಾಮದ ಕೋಳಿಗಳನ್ನೆಲ್ಲ ಒಂದೇ ಮುದ್ದೆಯಾಗಿಸಿತು. ಕೆಸರಲ್ಲಿ ಗದ್ದೆಗೊರವಗಳು ಬಾಲ ಕುಣಿಸುತ್ತ ಕೊಕ್ಕು ಚುಚ್ಚುತ್ತಿದ್ದವು. ಪಕ್ಕದಲ್ಲೇ ಮಲೆನಾಡಿಗರು ಕುಂಡೆಕುಸ್ಕ ಎನ್ನುವ ಸಿಪಿಲೆಗಳು. ಆ ಗೊರವಗಳಿಗೆ ಬೇಕಾದ ನೀರು ಬೆರಳುದ್ದ, ಅಷ್ಟೇ.

ಮುಂದಿನ ನಿಲುಗಡೆಯಾದ ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಜೆ.ಪಿ. ನಗರದ ಪುಟ್ಟೇನಹಳ್ಳಿ ಎಂದುಕೊಂಡು ದಾರಿ ತಪ್ಪುವವರಿದ್ದಾರೆ. ಇದು ಪುಟ್ಟ ಕೆರೆ, ಆದರೆ 2015ರಿಂದ ಪಕ್ಷಿ ಸಂರಕ್ಷಣಾ ಮೀಸಲು. ಬಣ್ಣದ ಕೊಕ್ಕರೆ, ಹಾವಕ್ಕಿ, ಇರುಳುಬಕಗಳು ಇಲ್ಲಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಸುತ್ತ ಬಡಾವಣೆ ಒತ್ತಿಕೊಂಡಿದ್ದರೂ ಒಳಗೆ ಒಂದು ಊರೇ ಬದುಕಿದೆ.

ಸಂಜೆ ನಾಲ್ಕಕ್ಕೆ ಹೆಸರಘಟ್ಟ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಕಳಿಸಿದ, ಅರ್ಕಾವತಿಯ ಕೆರೆ ಇದು. ನಾನು ಹೋದದ್ದು ಅದರ ಪಕ್ಕದ ಹುಲ್ಲುಗಾವಲಿಗೆ. ಗೊತ್ತಿಲ್ಲದವರ ಕಣ್ಣಿಗೆ ಅದು ಪಾಳುಭೂಮಿ. ಆದರೆ ಕಜಾಕಸ್ತಾನದ ಕಡೆಯ ಬಯಲುಗಳಿಂದ ಬರುವ ಸೆಳೆವಗಳು ಹುಡುಕುವುದು ಇಂಥದ್ದನ್ನೇ. ಅವು ಮರದ ಮೇಲೆ ಮಲಗುವ ಜಾತಿಯಲ್ಲ. ಹುಲ್ಲಿನ ನಡುವೆ ನೆಲದ ಮೇಲೇ ರಾತ್ರಿ ಕಳೆಯುತ್ತವೆ. ಬಿಸಿಲು ಹೊನ್ನಾಗುವ ಹೊತ್ತಿಗೆ ಮಸುಕು ಬಿಳುಪಿನ ಗಂಡೊಂದು ಹುಲ್ಲ ತುದಿಯನ್ನು ಸವರುವಂತೆ ತೇಲಿ ಬಂತು. ಎರಡು ಸುತ್ತು ಹಾಕಿ ಕಾಲಿಳಿಸಿತು, ಹುಲ್ಲು ಮುಚ್ಚಿಕೊಂಡಿತು. ಸಾವಿರಾರು ಕಿಲೋಮೀಟರ್ ಹಾರಿ ಬಂದವನ ಹಾಸಿಗೆ ಅಷ್ಟೇ. ಇಲ್ಲಿ ಗುಂಡಿ ತೋಡಿ ಸಸಿ ನೆಟ್ಟರೆ ಆ ಹಾಸಿಗೆಯೂ ಹೋಗುತ್ತದೆ. ಈ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು ಎಂಬುದು ನೆಮ್ಮದಿಯ ಸಂಗತಿ.

ನೀವೂ ಹೋಗಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಾಲ. ಸೂರ್ಯ ಹುಟ್ಟಿದ ಮೇಲಿನ ಮೊದಲ ಎರಡು ಗಂಟೆ ಒಳ್ಳೆಯ ಹೊತ್ತು. ತೇಜಸ್ವಿಯವರ ಪುಸ್ತಕ 'ಹಕ್ಕಿಪುಕ್ಕ' ಚೀಲದಲ್ಲಿರಲಿ. ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಕರೆಯಬೇಡಿ; ತನ್ನ ಜಾಗಕ್ಕೆ ಬೇರೊಬ್ಬ ಬಂದನೆಂದು ಅದು ಹೊಟ್ಟೆಪಾಡು ಬಿಟ್ಟು ಅಲೆಯುತ್ತದೆ. ಪ್ರತಿ ಜನವರಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಯಲ್ಲಿ ನಿಮ್ಮ ಕೆರೆಯ ಎಣಿಕೆಗೂ ಜಾಗವಿದೆ.

ಇನ್ನೊಂದು ಮಾತು. ನಿಮ್ಮ ಬಡಾವಣೆಯ ಕೆರೆಗೆ ಅಭಿವೃದ್ಧಿ ಯೋಜನೆ ಬಂದಾಗ ಸುಮ್ಮನಿರಬೇಡಿ. ಹೂಳೆತ್ತುವ ನೆಪದಲ್ಲಿ ಇಡೀ ಕೆರೆಯನ್ನು ಬೋಗುಣಿಯಂತೆ ತೋಡಿ, ಸುತ್ತ ಕಲ್ಲು ಕಟ್ಟಿ, ದಡದುದ್ದಕ್ಕೂ ನಡಿಗೆಪಥ ಹಾಕಿದರೆ ನೀರು ಉಳಿಯುತ್ತದೆ. ಆದರೆ ಬಾತು, ಗೊರವ, ಸಿಪಿಲೆಗಳಿಗೆ ಕಾಲೂರಲು ತಾಣವಿರುವುದಿಲ್ಲ. ಒಂದು ದಡವನ್ನಾದರೂ ಇಳಿಜಾರಾಗಿ, ಕೆಸರಾಗಿ, ಜೊಂಡು ಸಮೇತ, ಮನುಷ್ಯರ ಹಾದಿಯಿಲ್ಲದೆ ಬಿಡಿ ಎಂದು ಬರೆದು ಕೊಡಿ, ಹೋಗಿ ಕೇಳಿ. ಮುಂದಿನ ಅಕ್ಟೋಬರಿನಲ್ಲಿ ಅವು ಮತ್ತೆ ಬರುತ್ತವೆ. ಆ ಅಂಚು ಅಲ್ಲಿರಬೇಕು.